ಗಂಡ ಹೆಂಡತಿಗೆ ಒಂದೇ ಎಲೆ

ಕಗ್ಗದಾಸಪುರದ ಚಿಕ್ಕಮುನಿಯಮ್ಮ ದೊಡ್ಡ ಮನಸ್ಸಿನ ತಾಯಿ ಎಂದು ಪೇಪರಿನಲ್ಲಿ ಬಂದ ದಿನ ಆ ಬೀದಿಯವರೆಲ್ಲ ನಕ್ಕಿದ್ದರು. ನಗದೆ ಇನ್ನೇನು ಮಾಡಿಯಾರು? ಹಾಲಿಗೆ ತಂದ ಪಾತ್ರೆಯಲ್ಲಿ ಹಿಂದಿನ ದಿನದ ಕೆನೆ ಅಂಟಿದ್ದರೆ ಪಾತ್ರೆ ತಂದವರ ವಂಶವನ್ನೇ ಜಾಲಾಡುವ ಹೆಂಗಸು ಅವಳು. ಕೊಟ್ಟಿಗೆಗೆ ಅಡ್ಡವಾಗಿ ಕಾರು ನಿಲ್ಲಿಸಿದ ಅಪಾರ್ಟ್‌ಮೆಂಟಿನವನೊಬ್ಬನ ಗಾಜಿಗೆ ಸಗಣಿ ಮೆತ್ತಿದ್ದಳು. ಅವನು ಬಂದು ಕೂಗಾಡಿದಾಗ, ನಾನಲ್ಲಪ್ಪ ಮೆತ್ತಿದ್ದು ಹಸು, ಹೋಗಿ ಅದನ್ನೇ ಕೇಳ್ಕೋ ಎಂದು ಕೈ ತೊಳೆದುಕೊಳ್ಳುತ್ತ ನಿಂತಿದ್ದಳು. ಊರಿನ ಹೊಲಗಳೆಲ್ಲ ಸೈಟುಗಳಾಗಿ, ಸೈಟುಗಳೆಲ್ಲ ನಾಲ್ಕಂತಸ್ತಿನ ಮನೆಗಳಾಗಿ, ಸುತ್ತಲೂ ನೀರಿನ ಟ್ಯಾಂಕರು ಗುಡುಗುತ್ತಿದ್ದರೂ ಎರಡು ಸೀಮೆಹಸುಗಳನ್ನು ಬಿಡದೆ ಕಟ್ಟಿಕೊಂಡಿದ್ದವಳು. ಅಂಥವಳ ಮನಸ್ಸು ದೊಡ್ಡದು ಎಂದು ಬರೆದವನಿಗೆ ಅವಳ ಗುರುತಿರಲಿಲ್ಲ, ಅಷ್ಟೇ.

ಪೇಪರಿನವನು ಬರೆದದ್ದು ಅವಳ ಅಳಿಯನ ವಿಷಯಕ್ಕೆ. ಅಳಿಯ ಎಂಬ ಪದವನ್ನು ಅವಳೆದುರು ಯಾರೂ ಆಡುವುದಿಲ್ಲ. ಹೆಸರು ಸುನೀಲ್, ಮರ್ಫಿ ಟೌನಿನವನು, ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದವನು. ಚಿಕ್ಕಮುನಿಯಮ್ಮ ಮಗಳು ಯಮುನಾಳನ್ನು ಅವನಿಗೆ ಕೊಟ್ಟಿದ್ದಳು. ಹೆಂಡತಿಯ ಹೆಸರಿನಲ್ಲಿದ್ದ ಅರ್ಧ ಸೈಟನ್ನು ತನಗೆ ಬರೆದುಕೊಡಬೇಕೆಂದು ಅವನು ಹಟ ಹಿಡಿದ, ಅವಳು ಆಗಲ್ಲ ಅಂದಳು. ಒಂದು ಭಾನುವಾರ ಮಧ್ಯಾಹ್ನ ಜಗಳ ಬಿಡಿಸುತ್ತೇನೆಂದು ಅಕ್ಕನ ಮನೆಗೆ ಹೋದ ಪ್ರೇಮ್‌ಕುಮಾರ್, ಚಿಕ್ಕಮುನಿಯಮ್ಮನ ಒಬ್ಬನೇ ಮಗ, ಅಕ್ಕನ ಜೊತೆಗೇ ಹೆಣವಾದ. ಕಾರಿನ ಚಕ್ರ ಬಿಚ್ಚುವ ಕಬ್ಬಿಣದ ಸಲಾಕೆಯಲ್ಲಿ ಹೊಡೆದದ್ದು. ಯಮುನಾಳ ಆರು ವರ್ಷದ ಮಗಳು ಪ್ರಿಯಾ ಎದುರುಮನೆಯಲ್ಲಿ ಟಿವಿ ನೋಡುತ್ತಿದ್ದಳು. ಇಲ್ಲಿಗೆ ಇಷ್ಟು ಸಾಕು. ಇದಕ್ಕಿಂತ ಹೆಚ್ಚಿನದನ್ನು ಚಿಕ್ಕಮುನಿಯಮ್ಮನೇ ಹೇಳುತ್ತಾಳೆ, ಕೇಳಿದವರಿಗೂ ಕೇಳದವರಿಗೂ.

ಕೆಳಗಿನ ಕೋರ್ಟು ಅವನಿಗೆ ನೇಣು ಎಂದಿತು. ಅವಳ ತಮ್ಮ ಶ್ರೀರಾಮಪ್ಪ ಹಲಸೂರಿನಿಂದ ಮೈಸೂರುಪಾಕು ತಂದು ಬೀದಿಗೆಲ್ಲ ಹಂಚಿದ. ಅವಳೂ ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಅದಾಗಿ ಸ್ವಲ್ಪ ದಿನಕ್ಕೆ ಪಿತೃಪಕ್ಷದ ಅಮಾವಾಸ್ಯೆ ಬಂತು.

ಆ ಕಡೆಯ ಹಳ್ಳಿಗಳಲ್ಲಿ ಅದನ್ನು ಹಿರಿಯರ ಹಬ್ಬ ಎನ್ನುತ್ತಾರೆ. ಸತ್ತವರಿಗೆ ಎಡೆ ಇಡುವ ದಿನ. ಗೋಡೆಯ ಬುಡದಲ್ಲಿ ಕಳಶ, ಹೊಸ ಬಟ್ಟೆ, ಅದರ ಮುಂದೆ ಸಾಲಾಗಿ ಬಾಳೆಯೆಲೆ. ಎಲೆಯ ಮೇಲೆ ಅವರವರು ಆಸೆಪಟ್ಟು ತಿನ್ನುತ್ತಿದ್ದದ್ದು, ಮುದ್ದೆ, ಮಾಂಸದ ಸಾರು, ಕಜ್ಜಾಯ, ಸೇದುತ್ತಿದ್ದವರಿಗೆ ಬೀಡಿ. ಬದುಕಿದ್ದಾಗ ಕಳ್ಳನೋ ಕುಡುಕನೋ ಆಗಿದ್ದರೂ ಸತ್ತ ಮೇಲೆ ಅವನು ಹಿರಿಯ. ಮನೆಯವರೆಲ್ಲ ಕೈ ಮುಗಿಯಲೇಬೇಕು. ಇದರ ಮೇಲೆ ಚಿಕ್ಕಮುನಿಯಮ್ಮನ ಮನೆತನಕ್ಕೆ ಇನ್ನೊಂದು ಕಟ್ಟಳೆ. ಗಂಡ ಹೆಂಡತಿಗೆ ಬೇರೆ ಬೇರೆ ಎಲೆ ಹಾಕುವುದಿಲ್ಲ. ತುದಿ ಕತ್ತರಿಸದ ಒಂದೇ ಉದ್ದದ ಎಲೆ, ಈ ಕಡೆ ಅವಳಿಗೆ, ಆ ಕಡೆ ಅವನಿಗೆ. ಬಡಿಸಬೇಕಾದವರು ಅವರ ಹೊಟ್ಟೆಯಲ್ಲಿ ಹುಟ್ಟಿದವರು. ಒಬ್ಬರಿಗೆ ಇಟ್ಟು ಇನ್ನೊಬ್ಬರನ್ನು ಮರೆತರೆ, ಮರೆಸಿಕೊಂಡವರು ಜೊತೆಯವರ ಪಾಲಿಗೇ ಕೈ ಹಾಕುತ್ತಾರೆ ಎಂದು ನಂಬಿಕೆ.

ಗಂಡನ ಮನೆಯವರ ಕೈಗೆ ಯಮುನಾಳನ್ನು ಬಿಡುವ ಮಾತೇ ಇರಲಿಲ್ಲ, ಎಡೆ ಕಗ್ಗದಾಸಪುರದಲ್ಲೇ. ಆ ವರ್ಷ ಪ್ರಿಯಾಳ ಕೈ ಹಿಡಿದು ಅವಳಮ್ಮನ ಎಲೆಗೆ ಮೀನಿನ ಸಾರು ಬಡಿಸುತ್ತಿದ್ದಾಗ, ಹಿಂದೆ ಕೂತಿದ್ದ ಶ್ರೀರಾಮಪ್ಪ ಎಲೆಯ ಖಾಲಿ ಅರ್ಧ ನೋಡಿ, ಇನ್ನು ಅವನನ್ನ ನೇತುಹಾಕಿದ ಮೇಲೆ ಆ ಕಡೆಗೂ ಬಡಿಸಬೇಕಾಗುತ್ತಲ್ಲಕ್ಕ ಎಂದುಬಿಟ್ಟ. ಸುಮ್ಮನೆ ಬಾಯಿಗೆ ಬಂದ ಮಾತು. ಚಿಕ್ಕಮುನಿಯಮ್ಮನ ಕೈಯ ಸೌಟು ನಿಂತಲ್ಲೇ ನಿಂತಿತು. ಅವಳಿಗೆ ಕಂಡದ್ದು ಇಷ್ಟು: ಆ ಪಾಪಿ ಹೊಸ ಪಂಚೆ ಉಟ್ಟು ಮಗಳ ಎದುರಿಗೆ ಕೂತಿದ್ದಾನೆ, ಒಂದೇ ಎಲೆಯಲ್ಲಿ ಕೈ ಹಾಕಿ ಉಣ್ಣುತ್ತಿದ್ದಾನೆ, ಪಕ್ಕದ ಎಲೆಯಲ್ಲಿ ಪ್ರೇಮ್‌ಕುಮಾರ್, ತಾನು ಎದುರಿಗೆ ನಿಂತು ಮೂವರಿಗೂ ಸೇರಿಸಿ ಕೈ ಮುಗಿಯುತ್ತಿದ್ದಾಳೆ. ವರ್ಷವರ್ಷವೂ.

ನೇಣನ್ನು ಖಾಯಂ ಮಾಡುವ ಮೊದಲು ಹೈಕೋರ್ಟಿನ ಕಡೆಯಿಂದ ಇಬ್ಬರು ಬಂದು ಮನೆಯವರ ಮಾತು ಕೇಳಿದರು. ಅವಳು ಹೇಳಿದ್ದು ಒಂದೇ ಮಾತು, ಅವನನ್ನ ಸಾಯಿಸ್ಬೇಡಿ. ಯಾಕಮ್ಮ ಎಂದು ಅವರು ಕೇಳಿದಾಗ, ನಮಗೆ ಬೇಡ ಅವನ ಸಾವು ಎಂದಳು. ಬಂದವರಲ್ಲಿ ಒಬ್ಬಳ ಕಣ್ಣಲ್ಲಿ ನೀರು ಬಂತು. ಮುಂದೆ ಹೈಕೋರ್ಟು, ಮಕ್ಕಳಿಬ್ಬರನ್ನು ಕಳೆದುಕೊಂಡ ತಾಯಿಯೇ ಹೀಗೆ ಹೇಳುತ್ತಿರುವಾಗ ಎಂದು ಮೊದಲುಮಾಡಿ, ನೇಣನ್ನು ತೆಗೆದು ಜೀವಾವಧಿ ಕೊಟ್ಟಿತು. ಬರೀ ಜೀವಾವಧಿಯಲ್ಲ. ಶ್ರೀರಾಮಪ್ಪ ಅದನ್ನು ಕೇಳಿ ತಲೆ ಚಚ್ಚಿಕೊಂಡಿದ್ದ, ಹದಿನಾಲ್ಕು ವರ್ಷ ಆದರೆ ಆಗಸ್ಟ್ ಹದಿನೈದಕ್ಕೆ ಹಾರ ಹಾಕಿ ಕಳಿಸ್ತಾರೆ ನೋಡ್ತಿರು ಎಂದಿದ್ದ. ಆದರೆ ಈ ತೀರ್ಪು ಬೇರೆ ಥರದ್ದು. ಕೊನೆಯ ಉಸಿರಿನ ತನಕ ಜೈಲು. ಒಳ್ಳೆಯ ನಡತೆ ಎಂದು ಬಿಡುಗಡೆ ಇಲ್ಲ, ಹಬ್ಬಕ್ಕೂ ಇಲ್ಲ, ಸಾವಿಗೂ ಇಲ್ಲ, ಒಂದು ದಿನದ ಪೆರೋಲೂ ಇಲ್ಲ. ವಕೀಲರ ಬಾಯಲ್ಲಿ ಮತ್ತೆ ಮತ್ತೆ ಹೇಳಿಸಿ ಕೇಳಿಕೊಂಡು ಚಿಕ್ಕಮುನಿಯಮ್ಮ ಮನೆಗೆ ಬಂದು ಹಸುವಿಗೆ ಬೆಲ್ಲ ತಿನ್ನಿಸಿದಳು. ಸಾಯುವಂತಿಲ್ಲ, ಬರುವಂತಿಲ್ಲ. ಅವಳಿಗೆ ಬೇಕಾದದ್ದು ಅಷ್ಟೇ.

ಇಂದಿರಾನಗರದ ಯಾವುದೋ ಸಂಸ್ಥೆಯವರು ಕರೆದು ಸ್ಟೇಜಿನಲ್ಲಿ ಕೂರಿಸಿ ಶಾಲು ಹೊದಿಸಿದರು. ಶಾಲು ಬೆಚ್ಚಗಿತ್ತು, ಆ ಚಳಿಗಾಲ ಕರುವಿಗೆ ಆಯಿತು.

ಇದೆಲ್ಲ ಹಳೆಯದು. ಈ ವರ್ಷ ಆಷಾಢದಲ್ಲಿ ಮಧುಕರ್ ಎಂಬ ವಕೀಲ ಹೆಲ್ಮೆಟ್ ಕೈಯಲ್ಲಿ ಹಿಡಿದು ಕೊಟ್ಟಿಗೆಯ ಬಾಗಿಲಿಗೆ ಬಂದ. ದುಡ್ಡಿಲ್ಲದವರ ಕೇಸು ಹಿಡಿಯುವ ಹುಡುಗ, ಮಾತು ಮೆತ್ತಗೆ. ಬಂದವನೇ ಸಗಣಿ ನೆಲವೆಂದೂ ನೋಡದೆ ಬಗ್ಗಿ ಅವಳ ಕಾಲು ಮುಟ್ಟಿದ. ಅವಳ ಬಗ್ಗೆ ಕಾಲೇಜಿನಲ್ಲೇ ಓದಿದ್ದನಂತೆ. ಅಂಥ ತಾಯಿಯನ್ನು ನೋಡುವುದೇ ಪುಣ್ಯವಂತೆ. ಹಾಲು ಕರೆಯುತ್ತಲೇ ಅವಳು ಇದನ್ನೆಲ್ಲ ಕೇಳಿಸಿಕೊಂಡಳು. ಹೊಗಳಿಕೆ ಮುಗಿದ ಮೇಲೆ ಇವನು ಏನು ಕೇಳುತ್ತಾನೆ ಎಂದು ಕಾಯುತ್ತಿದ್ದಳು. ಅವನು ಕೇಳಿದ. ಸಾಯುವ ತನಕ ಬಾಗಿಲೇ ತೆರೆಯದ ಶಿಕ್ಷೆ ನೇಣಿಗಿಂತ ಕ್ರೂರ, ನಿಧಾನವಾಗಿ ಕೊಲ್ಲುವುದು ಅದು, ಮನುಷ್ಯನಿಗೆ ಒಂದು ಚೂರಾದರೂ ಆಸೆ ಇರಬೇಕು ಎಂದ. ಪೆರೋಲ್ ಕೊಡಬಾರದು ಎಂಬ ಷರತ್ತನ್ನಾದರೂ ಸಡಿಲಿಸಿ ಎಂದು ಹೈಕೋರ್ಟಿನಲ್ಲಿ ಅರ್ಜಿ ಬಿದ್ದಿದೆಯಂತೆ. ಸುನೀಲನ ತಾಯಿಗೆ ಲಕ್ವ ಹೊಡೆದು ಮರ್ಫಿ ಟೌನಿನಲ್ಲಿ ಮಲಗಿದ್ದಾಳಂತೆ. ಅಂದು ಜೀವ ಉಳಿಸಿದ ತಾಯಿ ಇಂದೂ ಒಂದು ಮಾತು ಹೇಳಿದರೆ ಜಡ್ಜುಗಳು ಕೇಳದೆ ಇರಲಾರರಂತೆ.

ಅರ್ಜಿ ಹಾಕಿದ್ದು ಆ ಮುದುಕಿಯಾ ಎಂದು ಅವಳು ಕೇಳಿದಳು.

"ಇಲ್ಲಮ್ಮ, ನಿಮ್ಮ ಮೊಮ್ಮಗಳು, ಪ್ರಿಯಾ ಅವರು. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ."

ಹಾಲಿನ ಸದ್ದು ನಿಂತಿತು. ಹಸು ತಿರುಗಿ ನೋಡಿತು. ಚಿಕ್ಕಮುನಿಯಮ್ಮ ಎದ್ದು, ಹಾಲಿನ ಬಕೆಟ್ಟನ್ನು ಎತ್ತರದಲ್ಲಿಟ್ಟು, ಗಂಜಲದ ಬಕೆಟ್ಟನ್ನು ಎತ್ತಿಕೊಂಡು, ಆತುರವಿಲ್ಲದೆ ಅವನ ಕಾಲಿನ ಮೇಲೆ ಸುರಿದಳು. ಶೂ ಬಿಚ್ಚಿಟ್ಟು ಬರಬೇಕಿತ್ತು ಕಣಪ್ಪ ಎಂದಳು.

ಪ್ರಿಯಾಳಿಗೆ ಈಗ ಹತ್ತೊಂಬತ್ತು. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದ ಮೇಲೆ ಇಂದಿರಾನಗರದ ನೂರಡಿ ರಸ್ತೆಯ ಕನ್ನಡಕದಂಗಡಿಯಲ್ಲಿ ಕೆಲಸ. ಆ ದಿನ ಅವಳು ಮನೆಗೆ ಬಂದಾಗ ಅಜ್ಜಿ ಬಾಗಿಲಲ್ಲೇ ಕಾಲು ಚಾಚಿ ಕೂತಿದ್ದಳು, ದಾಟಿ ಒಳಗೆ ಹೋಗಲು ಜಾಗ ಬಿಡದೆ.

"ಯಾವಾಗಿಂದ ಹೋಗ್ತಿದೀಯ?"

ಪ್ರಿಯಾ ಯಾರು ಹೇಳಿದರು ಎಂದು ಕೇಳಲಿಲ್ಲ. ಬ್ಯಾಗನ್ನು ಮೆಟ್ಟಿಲ ಮೇಲಿಟ್ಟಳು.

"ಹದಿನೆಂಟು ತುಂಬಿದಾಗಿಂದ. ಫಸ್ಟ್ ಸಲ ಮುಖಕ್ಕೆ ಉಗೀಬೇಕು ಅಂತಾನೇ ಹೋದೆ. ಮಧ್ಯ ಗಾಜಿತ್ತು."

"ಗಾಜಿಗೇ ಉಗೀಬೇಕಿತ್ತು."

"ಉಗಿದೆ. ಅವನು ಎದ್ದು ಹೋಗ್ಲಿಲ್ಲ. ಸುಮಾರು ಹೊತ್ತು ನೋಡಿ, ನಿಂಗೆ ನಿಮ್ಮಮ್ಮನ ಮೂಗು ಬಂದಿದೆ ಅಂದ."

ಇಷ್ಟಕ್ಕೇ ಮರುಳಾದೆಯಾ ಎಂದು ಅಜ್ಜಿ ಬೈಯತೊಡಗಿದಳು. ಹೆತ್ತವಳ ರಕ್ತ ತೊಳೆದ ಕೈಯನ್ನು ಹೋಗಿ ಹಿಡಿದುಕೊಂಡವಳೇ, ಉಪ್ಪು ಹಾಕಿ ಸಾಕಿದ್ದಕ್ಕೆ ಒಳ್ಳೆಯದನ್ನೇ ಮಾಡಿದೆ, ಎಂದು ಶುರುವಾದದ್ದು ಎದುರು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯವರು ಕಿಟಕಿ ಮುಚ್ಚಿಕೊಳ್ಳುವ ತನಕ ಹೋಯಿತು. ಪ್ರಿಯಾ ಬೈಗುಳ ಮುಗಿಯುವ ತನಕ ನಿಂತೇ ಇದ್ದಳು. ಅವಳಿಗೂ ಅದೇ ನಾಲಗೆ ಇದೆ, ಬಳಸುವುದು ಕಡಿಮೆ.

"ನೀನು ನಂಗೆ ಅಮ್ಮ ಸತ್ತಿದ್ದು ಮಾತ್ರ ಹೇಳಿದೀಯ ಅಜ್ಜಿ. ಊಟಕ್ಕೆ ಕೂತ್ರೆ ಅದೇ, ಮಲಗಿದ್ರೆ ಅದೇ. ಅಮ್ಮ ಲೂನಾ ಕಲಿಯೋಕೆ ಹೋಗಿ ಹಲಸೂರು ಕೆರೆ ಗೋಡೆಗೆ ಗುದ್ದಿದ್ದು ಯಾವತ್ತಾದ್ರೂ ಹೇಳಿದ್ಯಾ? ನಿದ್ದೇಲಿ ತಮಿಳು ಮಾತಾಡ್ತಿದ್ಲಂತೆ, ಪಕ್ಕದ ಮನೆಯವರ ಥರಾನೇ. ಅದೆಲ್ಲ ಅವನ ಹತ್ರ ಇದೆ."

"ಕೊಂದೋನ ಹತ್ರ ಇರೋದೆಲ್ಲ ಕದ್ದ ಮಾಲು ಕಣೆ."

"ಇರ್ಲಿ. ಬೇರೆಲ್ಲೂ ಸಿಗಲ್ವಲ್ಲ. ನಾನೇನು ಅವನನ್ನ ಕ್ಷಮಿಸಿಲ್ಲ. ಆದ್ರೆ ಅವನು ಇದಾನಲ್ಲ, ಉಳಿಸಿಟ್ಟಿದ್ದು ನೀನೇ. ನೇಣಿಗೆ ಬಿಟ್ಟಿದ್ರೆ ನಾನು ಯಾರನ್ನ ನೋಡೋಕೆ ಹೋಗ್ತಿದ್ದೆ?"

ಅಜ್ಜಿ ಚಾಚಿದ್ದ ಕಾಲನ್ನು ಮಡಚಿಕೊಂಡು ದಾರಿ ಬಿಟ್ಟಳು. ಅವಳ ಆಯುಷ್ಯದಲ್ಲಿ ಅಂಥ ಸಂದರ್ಭಗಳು ಕಡಿಮೆ.

ಆ ವಾರ ಒಂದೇ ಸೂರಿನಡಿ ಇಬ್ಬರು ಬಾಡಿಗೆದಾರರ ಹಾಗೆ ಇದ್ದರು. ಅಜ್ಜಿ ಒಂದೇ ಮುದ್ದೆ ಕಟ್ಟುತ್ತಿದ್ದಳು. ಪ್ರಿಯಾ ಬರುವಾಗ ಬಿರಿಯಾನಿ ಪಾರ್ಸೆಲ್ ತಂದು, ವಾಸನೆ ಮನೆಯೆಲ್ಲ ಹರಡುವ ಹಾಗೆ ಅಜ್ಜಿಯ ಎದುರಿಗೇ ಬಿಚ್ಚಿ ತಿನ್ನುತ್ತಿದ್ದಳು. ಮಾತೆಲ್ಲ ಹಸುವಿನ ಮೂಲಕ ನಡೆಯುತ್ತಿತ್ತು. ನಿನ್ನ ಬಾಲಕ್ಕಿರುವ ಮಾನ ಕೆಲವರಿಗಿಲ್ಲ ನೋಡು ಎಂದು ಅಜ್ಜಿ ಹಸುವಿಗೆ ಹೇಳಿದರೆ, ಪ್ರಿಯಾ ಅದೇ ಹಸುವಿಗೆ ಹುಲ್ಲು ಹಾಕುತ್ತ, ನಿಂಗೆ ಕೊಂಬಿದ್ರೂ ಇಷ್ಟು ತಿವಿಯಲ್ಲ ಬಿಡು ಎನ್ನುತ್ತಿದ್ದಳು.

ಭಾನುವಾರ ಪ್ರಿಯಾ ತಲೆಗೆ ನೀರು ಹಾಕಿಕೊಳ್ಳಲು ಹೋಗಿದ್ದಾಗ ಹಾಸಿಗೆಯ ಮೇಲಿದ್ದ ಅವಳ ಫೋನು ಬಡಿದುಕೊಂಡಿತು. ಜೈಲಿನೊಳಗಿನಿಂದ ವಾರಕ್ಕೊಮ್ಮೆ ಮನೆಗೆ ಫೋನು ಮಾಡಲು ಬಿಡುತ್ತಾರೆಂದು ಚಿಕ್ಕಮುನಿಯಮ್ಮನಿಗೆ ಹೇಗೆ ಗೊತ್ತಿರಬೇಕು? ಯಾರೋ ಹಾಲು ಕೇಳುವವರಿರಬೇಕೆಂದು ಎತ್ತಿದಳು.

"ಪ್ರಿಯಮ್ಮಾ, ತಿಂಡಿ ಆಯ್ತಾ?"

ಅಷ್ಟು ವರ್ಷಗಳಾದರೂ ಆ ಗಂಟಲನ್ನು ಅವಳು ಒಂದೇ ಸಲಕ್ಕೆ ಗುರುತು ಹಿಡಿದಳು. ಹಿಂದೆಲ್ಲ ಅದೇ ಗಂಟಲು, ಅತ್ತೆ ಇನ್ನೊಂದು ಸೌಟು ಸಾರು ಹಾಕಿ ಎನ್ನುತ್ತಿತ್ತು.

"ಅವಳಲ್ಲ, ನಾನು."

ಅತ್ತೆ ಎಂದ ಅವನು. ಅತ್ತೆ ಅನ್ಬೇಡ ಎಂದಳು. ಏನನ್ಲಿ ಎಂದ. ಏನೂ ಅನ್ಬೇಡ ಎಂದಳು. ಅವನು ಅಳಲು ಶುರುಮಾಡಿದ. ಅಳುತ್ತಲೇ ಹೇಳಿದ, ದಿನಾ ಬೆಳಿಗ್ಗೆ ಗಂಟೆ ಹೊಡೆದಾಗ ದೇವರಿಗಿಂತ ಮುಂಚೆ ಅವಳನ್ನು ನೆನೆಯುತ್ತಾನಂತೆ. ತನ್ನ ಹೆತ್ತ ತಾಯಿಯೂ ಅಂಥ ಮಾತು ಆಡುತ್ತಿರಲಿಲ್ಲವಂತೆ. ಒಳಗಿರುವವರಿಗೆಲ್ಲ ಅವಳ ಕಥೆ ಹೇಳಿದ್ದಾನಂತೆ, ಕೆಲವರು ಅವಳಿರುವ ದಿಕ್ಕಿಗೆ ಕೈ ಮುಗಿಯುತ್ತಾರಂತೆ. ಚಿಕ್ಕಮುನಿಯಮ್ಮನಿಗೆ ಮೈಯೆಲ್ಲ ಉರಿಯಿತು. ಪೇಪರಿನವನು ತಪ್ಪು ತಿಳಿದರೆ ಹಾಳಾಗಿ ಹೋಗಲಿ. ಇವನೂ ಇಷ್ಟು ವರ್ಷ ತನ್ನ ಹೆಸರು ಹೇಳಿಕೊಂಡು ಹಾಯಾಗಿ ಗಂಜಿ ಕುಡಿದನೇ?

ಅವಳು ಹೇಳಿದಳು. ಎಲೆಯ ವಿಷಯ ಪೂರ್ತಿ ಬಿಡಿಸಿ ಹೇಳಿದಳು. ಸತ್ತರೆ ನಿನಗೆ ಕೈ ಮುಗಿಯಬೇಕಲ್ಲೋ, ಯಮುನಾ ಎಲೆಗೆ ನೀನು ಬಾಯಿ ಹಾಕ್ತೀಯಲ್ಲೋ, ಅದಕ್ಕೆ ಉಳಿಸಿದ್ದು, ಕೊಳೆತು ಕೊಳೆತು ಅಲ್ಲೇ ಬಿದ್ದಿರು ಅಂತ ಉಳಿಸಿದ್ದು ಎಂದಳು.

ಅಳು ನಿಂತಿತು. ಹಿಂದೆ ಯಾರೋ ಬೇಗ ಮುಗಿಸು ಎಂದು ಅವನನ್ನು ಗದರಿಸುವುದು ಕೇಳಿಸಿತು. ಸುನೀಲ್ ಮತ್ತೆ ಮಾತಾಡಿದಾಗ ಗಂಟಲಿನಲ್ಲಿ ನೀರಿರಲಿಲ್ಲ.

"ಒಳ್ಳೇದಾಯ್ತು ಬಿಡಿ ಅತ್ತೆ. ಇಷ್ಟು ವರ್ಷ ನಿಮ್ಮ ಮುಂದೆ ತಲೆ ಬಗ್ಗಿಸ್ಕೊಂಡೇ ಇದ್ದೆ, ಇನ್ನು ಎತ್ತಬಹುದು. ಆದ್ರೆ ಒಂದು ಮರ್ತಿದೀರ. ಕೊನೇ ಉಸಿರಿನ ತನಕ ಅಂದ್ರು ಜಡ್ಜು. ಆಮೇಲಿಂದು ಏನೂ ಬರ್ದಿಲ್ಲ. ಇಲ್ಲಾದ್ರೂ ಸಾಯಲೇಬೇಕಲ್ಲ ನಾನು. ಪ್ರಿಯಾ ಮಾತು ಕೊಟ್ಟಿದಾಳೆ, ಅವರಮ್ಮನ ಜೊತೇಲೇ ಬಡಿಸ್ತಾಳಂತೆ. ನಂಗಿನ್ನೂ ನಲವತ್ತೈದು. ನಿಮಗೆಷ್ಟಾಯ್ತು?"

ಫೋನು ಕಟ್ಟಾಯಿತು.

ಎಪ್ಪತ್ತು ದಾಟ್ತು ಎಂದು ಅವಳು ಸತ್ತ ಫೋನಿಗೇ ಹೇಳಿದಳು. ಗೋಡೆಯ ಬುಡವನ್ನು ನೋಡುತ್ತ ಕೂತಳು. ನೇಣು ತಪ್ಪಿಸಿ ತಾನು ಬಾಗಿಲು ಹಾಕಿದೆ ಎಂದುಕೊಂಡಿದ್ದಳು. ಹಾಕಿದ್ದು ಬಾಗಿಲಲ್ಲ, ಬರೀ ತಡಿಕೆ. ತಾನು ಹೋದ ಮೇಲೆ ಅವನು ಹೋಗುತ್ತಾನೆ. ಆಗ ಪ್ರಿಯಾ ಒಂದೇ ಕೈಯಲ್ಲಿ ಎಲ್ಲರಿಗೂ ಬಡಿಸುತ್ತಾಳೆ, ಯಮುನಾ, ಪ್ರೇಮ್‌ಕುಮಾರ್, ತಾನು, ಅವನು, ಒಂದೇ ಸಾಲು. ಸತ್ತವಳು ಎದ್ದು ಎಲೆ ಒದೆಯಲಾದೀತೇ?

ಪ್ರಿಯಾ ಟವಲು ಸುತ್ತಿದ ತಲೆಯಲ್ಲಿ ಹೊರಗೆ ಬಂದಾಗ ಚಿಕ್ಕಮುನಿಯಮ್ಮ ಆ ವಾರದಲ್ಲಿ ಮೊದಲ ಸಲ ಹಸುವನ್ನು ಬಿಟ್ಟು ಅವಳನ್ನೇ ನೋಡಿ ಮಾತಾಡಿದಳು.

"ಕೋರ್ಟಲ್ಲಿ ನಾನು ಹೂಂ ಅಂತೀನಿ. ಬರ್ಲಿ ಅವನು, ಅವರಮ್ಮನ ಮುಖ ನೋಡ್ಕೊಂಡು ಹೋಗ್ಲಿ. ನೀನು ಮುನೇಶ್ವರನ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡು. ಅವನು ಸತ್ರೆ ಯಮುನಾ ಎಲೇಲಿ ಬಡ್ಸಲ್ಲ ಅಂತ. ಈ ಮನೇಲೂ ಇಲ್ಲ, ಬೇರೆ ಎಲ್ಲೂ ಇಲ್ಲ."

ಪ್ರಿಯಾ ಒದ್ದೆ ಕೂದಲು ಬಿಚ್ಚಿ, ಫೋನಿನಲ್ಲಿ ಯಾರ ಕರೆ ಬಂದಿತ್ತೆಂದು ನೋಡಿ, ಅಜ್ಜಿಯ ಮುಖ ನೋಡಿದಳು. ಅಜ್ಜಿ ಹೂಂ ಎನ್ನುವುದೇ ದೊಡ್ಡ ಸೋಲು ಎಂದು ಆ ಹುಡುಗಿಗೆ ಗೊತ್ತು. ಯೋಚನೆ ಮಾಡ್ತೀನಿ ಎಂದಳು. ಕೋರ್ಟಿನ ದಿನದ ತನಕ ಟೈಮಿದೆ, ಅಲ್ಲೇ ನಿನ್ನ ಮುಖ ನೋಡ್ತೀನಿ, ಹೂಂ ಅಂತ ತಲೆ ಆಡಿಸಿದ್ರೆ ಆಣೆ ಆಯ್ತು ಅಂದ್ಕೋತೀನಿ ಎಂದು ಅಜ್ಜಿ ಹೇಳಿದಳು. ಇದನ್ನು ಕೇಳಿದ ಶ್ರೀರಾಮಪ್ಪನಿಗೆ ತಡೆಯಲಾಗಲಿಲ್ಲ. ಅವನನ್ನು ಹೊರಗೆ ಬಿಡುವುದಾದರೆ ತಾನೇ ಮರ್ಫಿ ಟೌನಿನ ತಿರುವಿನಲ್ಲಿ ಮಚ್ಚು ಹಿಡಿದು ನಿಲ್ಲುತ್ತೇನೆಂದ. ನಿಲ್ಲಪ್ಪ, ಆಮೇಲೆ ಅವನಿಗೆ ಬಡಿಸೋಕೆ ಎಲೆ ನೀನೇ ತಗೊಂಡು ಬಾ ಎಂದು ಅಕ್ಕ ಅವನ ಬಾಯಿ ಮುಚ್ಚಿಸಿದಳು.

ಕೋರ್ಟಿನ ದಿನ ಇಬ್ಬರೂ ಬೈಯಪ್ಪನಹಳ್ಳಿಯಲ್ಲಿ ಮೆಟ್ರೋ ಹತ್ತಿ, ದೂರ ದೂರ ನಿಂತೇ ಹೋದರು. ಕೋರ್ಟ್ ಹಾಲಿನಲ್ಲಿ ತಣ್ಣಗೆ ಎಸಿ ಓಡುತ್ತಿತ್ತು. ಮಧುಕರ್ ಹೊಸ ಶೂ ಹಾಕಿಕೊಂಡಿದ್ದ. ಬಹಳ ಹೊತ್ತು ಇಂಗ್ಲಿಷಿನಲ್ಲಿ ಚೆನ್ನಾಗಿ ಮಾತಾಡಿದ. ನಡುನಡುವೆ ಅವನು ಕೈ ತೋರಿಸಿದಾಗೆಲ್ಲ ಜಡ್ಜುಗಳಿಬ್ಬರೂ ಅವಳ ಕಡೆ ಗೌರವದಿಂದ ನೋಡುತ್ತಿದ್ದರು. ಕೊನೆಗೆ ಅವರಲ್ಲಿ ಹಿರಿಯರು ಕನ್ನಡದಲ್ಲೇ ಕೇಳಿದರು, ಅವತ್ತು ನೀವು ದೊಡ್ಡ ಮನಸ್ಸು ಮಾಡಿದ್ದಿರಿ, ಇವತ್ತು ಏನು ಹೇಳುತ್ತೀರಿ?

ಚಿಕ್ಕಮುನಿಯಮ್ಮ ಹಿಂದಕ್ಕೆ ತಿರುಗಿದಳು. ಕೊನೆಯ ಬೆಂಚಿನ ಪಕ್ಕ ಪ್ರಿಯಾ ನಿಂತಿದ್ದಳು. ಮೂಗು ಯಮುನಾಳದ್ದೇ. ಅದನ್ನು ಅವನು ಮೊದಲು ಕಂಡುಹಿಡಿದನಲ್ಲ ಎಂದು ಅಜ್ಜಿಗೆ ಆ ಹೊತ್ತಿನಲ್ಲೂ ಸಿಟ್ಟು ಬಂತು. ಪ್ರಿಯಾ ಅಜ್ಜಿಯನ್ನು ನೋಡಿದಳು. ತುಟಿ ಕಚ್ಚಿಕೊಂಡಳು. ಇಲ್ಲ ಎಂದು ತಲೆ ಆಡಿಸಿದಳು.

"ಬೇಡ ಸ್ವಾಮಿ. ಅಲ್ಲೇ ಇರ್ಲಿ ಅವನು."

ಮಧುಕರ್ ಏನೋ ಹೇಳಲು ಬಾಯಿ ತೆರೆದ. ಜಡ್ಜು ಅವನನ್ನು ತಡೆದು, ನಿಧಾನವಾಗಿ ಯೋಚಿಸಿ ಹೇಳಿ ಎಂದರು.

"ಯೋಚ್ನೆ ಆಗಿದೆ. ಅವತ್ತೂ ಅದು ದೊಡ್ಡ ಮನಸ್ಸಲ್ಲ ಸ್ವಾಮಿ. ಸತ್ತೋರಿಗೆ ನಮ್ಮಲ್ಲಿ ಕೈ ಮುಗೀಬೇಕು. ಅವನಿಗೆ ಮುಗಿಯೋಕೆ ನನ್ನ ಕೈಲಿ ಆಗಲ್ಲ. ಅದಕ್ಕೆ ಬದುಕ್ಸಿ ಅಂದೆ. ನೀವು ಹೊಗಳಿದ್ರಿ, ನಾನು ಸುಮ್ನಿದ್ದೆ."

ಜಡ್ಜುಗಳು ತಲೆ ಹತ್ತಿರ ತಂದು ಏನೋ ಮಾತಾಡಿಕೊಂಡರು. ಅರ್ಜಿ ವಜಾ ಆಯಿತು. ಇದ್ದದ್ದು ಇದ್ದ ಹಾಗೆ, ಕೊನೆಯ ಉಸಿರಿನ ತನಕ. ಹೊರಗೆ ಕೆಂಪು ಕಂಬಗಳ ಹತ್ತಿರ ಮಧುಕರ್ ಎದುರಾಗಿ, ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ ಎಂದ. ಈಗ ಸರಿಯಾಗಿ ತಿಳ್ಕೊಂಡ್ಯಲ್ಲ, ಹೋಗು ಎಂದು ಅವಳು ಸೆರಗು ಝಾಡಿಸಿ ನಡೆದಳು.

ಮೆಟ್ರೋದಲ್ಲಿ ವಯಸ್ಸಾದವರ ಸೀಟು ಬಿಟ್ಟುಕೊಟ್ಟರು. ಪ್ರಿಯಾ ಎದುರಿಗೆ ಕಂಬಿ ಹಿಡಿದು ನಿಂತಳು. ಗಾಡಿ ಸುರಂಗದಿಂದ ಮೇಲೆ ಬಂದು ಎಂ.ಜಿ. ರೋಡಿನ ಬಿಸಿಲಿಗೆ ಬಿದ್ದಾಗ ಅಜ್ಜಿ ಕೇಳಿದಳು.

"ಯಾಕೆ ಇಲ್ಲ ಅಂದೆ? ಒಂದು ಆಣೆ ಮಾಡಿದ್ರೆ ಬಂದು ಹೋಗ್ತಿದ್ನಲ್ಲ."

"ಸುಳ್ಳು ಆಣೆ ಮಾಡೋಕೆ ಆಗ್ಲಿಲ್ಲ. ನಾನು ಇಟ್ಟೇ ಇಡ್ತೀನಿ ಅಜ್ಜಿ. ಅಮ್ಮನ ಎಲೆ ಅರ್ಧ ಖಾಲಿ ಇರೋದು ನೋಡಿ ನೋಡಿ ಸಾಕಾಗಿದೆ ನಂಗೆ. ಅವನು ಒಳ್ಳೆಯವನು ಅಂತ ಅಲ್ಲ."

ನಿನ್ನಿಂದ ಆ ಮರ್ಫಿ ಟೌನಿನ ಅಜ್ಜಿ ಮಗನ ಮುಖ ನೋಡದೆ ಸಾಯ್ತಾಳೆ ಎಂದೂ ಸೇರಿಸಿದಳು. ನನ್ನ ಮಗನ ಮುಖ ನಾನು ಶವದ ಮನೆಯಲ್ಲಿ ನೋಡಿದೆ, ಅದೂ ಅರ್ಧ ಮಾತ್ರ ಇತ್ತು ಎಂದಳು ಅಜ್ಜಿ. ಪಕ್ಕದ ಸೀಟಿನ ಮುದುಕರು ಎದ್ದು ಬೇರೆ ಕಡೆ ಹೋಗಿ ನಿಂತರು.

"ನೀನಿರೋ ತನಕ ಇಡಲ್ಲ," ಎಂದಳು ಪ್ರಿಯಾ. "ನೀನು ಹೋದ್ಮೇಲೆ ಇಡ್ತೀನಿ. ಯಾರು ತಡೀತಾರೆ?"

"ನಾನ್ಯಾಕೆ ಮುಂಚೆ ಹೋಗ್ಲಿ? ಅವನೇ ಹೋಗ್ಲಿ. ಅವನ ಎಲೆ ನನ್ನ ಕಣ್ಣೆದುರಿಗೇ ಹಾಕು, ನೋಡೋಣ."

"ಅವನಿಗೆ ಶುಗರಿಲ್ಲ, ಬಿಪಿ ಇಲ್ಲ. ಬೀಡಿನೂ ಬಿಟ್ಟಿದಾನೆ. ಬೆಳಿಗ್ಗೆ ಯೋಗ ಹೇಳ್ಕೊಡ್ತಾರಂತೆ."

ಚಿಕ್ಕಮುನಿಯಮ್ಮ ಕಿಟಕಿಯ ಹೊರಗೆ ನೋಡಿದಳು. ಹಲಸೂರು ಬಂತು, ಹೋಯಿತು. ಇಂದಿರಾನಗರ ಬಂದಾಗ ಇದ್ದಕ್ಕಿದ್ದಂತೆ ಎದ್ದು, ಬಾಗಿಲು ಮುಚ್ಚುವಷ್ಟರಲ್ಲಿ ಇಳಿದುಬಿಟ್ಟಳು. ಪ್ರಿಯಾ ಬೈದುಕೊಳ್ಳುತ್ತ ಹಾರಿ ಹಿಂದೆ ಬಂದಳು. ಎಲ್ಲಿಗೆ ಎಂದರೆ ಉತ್ತರವಿಲ್ಲ. ಎಸ್ಕಲೇಟರಿಗೆ ಹೆದರುವವಳು ಮೆಟ್ಟಿಲುಗಳನ್ನು ದಡದಡ ಇಳಿದು, ಸಿ.ಎಂ.ಎಚ್. ರಸ್ತೆಯಲ್ಲಿ ಕಂಡ ಮೊದಲ ಕ್ಲಿನಿಕ್ಕಿಗೆ ನುಗ್ಗಿ ಕುರ್ಚಿಯ ಮೇಲೆ ಕೂತಳು. ಮಕ್ಕಳಿಬ್ಬರ ಹೆರಿಗೆಯೂ ಮನೆಯಲ್ಲೇ ಆಗಿದ್ದ, ಜ್ವರ ಬಂದರೆ ಮೆಣಸಿನ ಕಷಾಯ ಕುಡಿದು ಹಸುವಿನ ಪಕ್ಕ ಮಲಗುತ್ತಿದ್ದ ಹೆಂಗಸು ಡಾಕ್ಟರ ಬಾಗಿಲು ತುಳಿದದ್ದು ಅದೇ ಮೊದಲು.

ಡಾಕ್ಟರ್ ಆತಿಕಾ ಎಂಬ ಚಿಕ್ಕ ವಯಸ್ಸಿನವಳು. ಏನ್ ತೊಂದ್ರೆ ಅಮ್ಮ ಎಂದು ಕೇಳಿದಳು.

"ತೊಂದ್ರೆ ಏನಿಲ್ಲ. ಒಬ್ಬ ಇದಾನೆ, ನಲವತ್ತೈದು, ಗಟ್ಟಿಮುಟ್ಟಾಗಿದಾನೆ. ಅವನಿಗಿಂತ ಒಂದಿನ ಜಾಸ್ತಿ ಬದುಕ್ಬೇಕು ನಾನು. ಅದಕ್ಕೇನಾದ್ರೂ ಮಾಡಿ."

ಡಾಕ್ಟರು ಪ್ರಿಯಾಳ ಮುಖ ನೋಡಿದಳು. ಪ್ರಿಯಾ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದಳು. ಕುಪ್ಪಸದ ತೋಳು ಬಿಗಿಯಾಗಿದ್ದರಿಂದ ಬಿಪಿ ಪಟ್ಟಿ ಮೇಲಕ್ಕೆ ಹೋಗುತ್ತಿರಲಿಲ್ಲ. ಪ್ರಿಯಾ ಬಂದು, ಬೇಕೆಂದೇ ಚರ್ಮ ಸೇರಿಸಿ ಹಿಂಡಿ ತೋಳನ್ನು ಮೇಲಕ್ಕೆ ಎಳೆದಳು. ಪಟ್ಟಿ ಉಬ್ಬಿತು, ಇಳಿಯಿತು, ಮತ್ತೊಮ್ಮೆ ಉಬ್ಬಿತು. ಡಾಕ್ಟರು ಹುಬ್ಬು ಗಂಟಿಕ್ಕಿ, ಇಷ್ಟು ಬಿಪಿ ಇಟ್ಟುಕೊಂಡು ಹೇಗೆ ಓಡಾಡುತ್ತಿದ್ದೀರಿ ಎಂದಳು. ಮಾತ್ರೆ ತಪ್ಪಿಸಬಾರದು, ಉಪ್ಪು ಕಡಿಮೆ ಮಾಡಬೇಕು, ಹೊಗೆಸೊಪ್ಪು ಇವತ್ತಿಗೇ ಬಿಡಬೇಕು ಎಂದಳು. ಚಿಕ್ಕಮುನಿಯಮ್ಮ ಒಂದೊಂದಕ್ಕೂ ತಲೆ ಆಡಿಸಿದಳು. ಸೊಂಟದ ಚೀಲದಿಂದ ಹೊಗೆಸೊಪ್ಪಿನ ಪೊಟ್ಟಣ ತೆಗೆದು ಅಲ್ಲೇ ಕಸದ ಬುಟ್ಟಿಗೆ ಹಾಕಿದಳು.

"ಎಲ್ಲಕ್ಕಿಂತ ಮುಖ್ಯ ಕೋಪ ಬಿಡಬೇಕಮ್ಮ," ಎಂದಳು ಡಾಕ್ಟರು.

"ಅದೊಂದು ಬಿಟ್ಟು ಬೇರೆ ಏನಾದ್ರೂ ಬರ್ಕೊಡಿ."